ಅಂಬಿಕಾಳ ಬಲಗೈ

ಜಗಳೂರು
11 ಫೆಬ್ರವರಿ 2024

ಅಕ್ಕಾ,

ಮನೆಯಲ್ಲಿ ಫೋನ್ ಇಟ್ಟುಕೊಂಡು ಪತ್ರ ಬರೆಯುತ್ತಿದ್ದಾಳೆ, ಇವಳಿಗೇನು ಬಂತು ಅಂತ ನಗಬೇಡ. ಇಲ್ಲಿ ನಿನ್ನ ಫೋನ್ ಬಂದ ಕೂಡಲೇ ನಮ್ಮತ್ತೆ "ಸ್ಪೀಕರಿಗೆ ಹಾಕು, ನಾನೂ ಕೇಳ್ತೀನಿ" ಅಂತಾರೆ. ಅಲ್ಲಿ ನೀನು ಯಾರಿಗೋ ಬಳೆ ತೊಡಿಸುತ್ತಾ ಅರ್ಧ ಅವರ ಜೊತೆ, ಅರ್ಧ ನನ್ನ ಜೊತೆ ಮಾತಾಡುತ್ತೀ. ನಾನು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದಾಗ ಪತ್ರದಲ್ಲಿ ಹೇಳಿಕೊಂಡಷ್ಟು ಆಮೇಲೆ ನಾವು ಎಂದೂ ಹೇಳಿಕೊಂಡಿಲ್ಲ.

ಹೋದ ವಾರ ಚಿತ್ರಾಳನ್ನು ಬೆಂಗಳೂರಿನಲ್ಲಿ ತೋರಿಸಿಕೊಂಡು ಬಂದೆವು. ವರ್ಷ ತುಂಬಿತಲ್ಲ. ಇನ್ನೂ ಹಿಡಿದು ನಿಲ್ಲುವುದಿಲ್ಲ, ತೂಕವೂ ಸಾಲದು. ಆಸ್ಪತ್ರೆಯ ಅದೇ ಬೆಂಚಿನ ಮೇಲೆ ಕೂತಾಗ ಎಲ್ಲ ಕಣ್ಣ ಮುಂದೆ ಬಂತು. ಐದನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿ, "ಎರಡು ಕೂಸಿಗೂ ಒಂದೇ ಮಾಸು, ಒಂದರ ರಕ್ತ ಇನ್ನೊಂದಕ್ಕೆ ಹರಿದು ಹೋಗ್ತಿದೆ, ಹೀಗೇ ಬಿಟ್ಟರೆ ಎರಡೂ ಉಳಿಯಲ್ಲ" ಅಂದಿದ್ದರು. ಹೊಟ್ಟೆಯೊಳಗೆ ಸಣ್ಣ ಕೊಳವೆ ಇಳಿಸಿ ಆ ರಕ್ತನಾಳಗಳನ್ನು ಲೇಸರಿನಲ್ಲಿ ಮುಚ್ಚುವಾಗ ನೀನು ಹೊರಗೆ ಕೂತು ದುರ್ಗಮ್ಮನಿಗೆ ಹರಕೆ ಹೊತ್ತೆ. ದೊಡ್ಡವಳು ದುರ್ಗಾಂಬಿಕಾ ಆದದ್ದು ಅದಕ್ಕೇ. ತಿಂಗಳು ತುಂಬುವ ಮೊದಲೇ ಹುಟ್ಟಿದವು. ಚಿತ್ರಾಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಾಗ ನೀನೇ ಸೆರಗೊಡ್ಡಿ, "ದೊಡ್ಡದು ಗಟ್ಟಿ ಐತೆ, ಇದನ್ನ ನನ್ನ ಮಡಿಲಿಗೆ ಹಾಕು. ನೀನು ಚಿಕ್ಕದನ್ನ ಉಳಿಸ್ಕೋ" ಅಂದೆ. ಅವತ್ತು ನೀನು ಹಾಗೆ ಅನ್ನದಿದ್ದರೆ ನಾನು ಹುಚ್ಚಿಯಾಗುತ್ತಿದ್ದೆ.

ಅಂಬಿಕಾ ಹೇಗಿದ್ದಾಳೆ ಅಂತಲೂ ಡಾಕ್ಟರ್ ಕೇಳಿದರು. ನಿನಗೆ ಬಿಡುವಾದಾಗ ಒಂದು ಸಲ ಕರೆದುಕೊಂಡು ಬಾ. ಅವಸರವೇನೂ ಇಲ್ಲ.

ನಿನ್ನ ತಂಗಿ
ಉಷಾರಾಣಿ


ನ್ಯಾಮತಿ
20 ಫೆಬ್ರವರಿ 2024

ಉಷಾ ತಂಗ್ಯಮ್ಮ,

ಪೋಸ್ಟಿನವನು ಅಂಗಡಿ ಮೆಟ್ಟಿಲ ಮೇಲೆ ನಿಂತು "ದುರುಗಕ್ಕಾ, ಕೋರ್ಟು ನೋಟೀಸಲ್ಲ, ಪತ್ರ" ಅಂತ ಕೂಗಿದ. ನಮ್ಮ ಬೀದಿಗೆಲ್ಲ ಸುದ್ದಿಯಾಯಿತು.

ಚಿತ್ರಾಳ ಚಿಂತೆ ಬಿಡು. ನೀನು ಹುಟ್ಟಿದಾಗಲೂ ಇಲಿಮರಿಯ ಹಾಗಿದ್ದೆ, ಈಗ ನೋಡು, ಬಾಗಿಲು ಸಾಲದು. ನನ್ನ ಸಿಂಹಿಣಿ ಮಾತ್ರ ಗುಂಡುಕಲ್ಲು. ಅಂಗಡಿಗೆ ಬಂದವರೆಲ್ಲ ಕೆನ್ನೆ ಹಿಂಡಿಯೇ ಬಳೆ ಕೇಳುವುದು. ಕೂತಲ್ಲಿಂದಲೇ ಎಡಗೈಯಲ್ಲಿ ಬಳೆಯ ಡಬ್ಬ ಎಳೆದು ಬೀಳಿಸುತ್ತಾಳೆ. ಪಕ್ಕಾ ಎಡಚಿ, ನಮ್ಮಜ್ಜಿಯ ಹಾಗೆ. ಅಜ್ಜಿ ಎಡಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು, ನೆನಪಿದೆಯಾ? ಬಲಗೈ ಮುಷ್ಟಿಯನ್ನಂತೂ ಬಿಚ್ಚುವುದೇ ಇಲ್ಲ, ಹೆಬ್ಬೆರಳನ್ನು ಒಳಗೆ ಮಡಚಿಕೊಂಡು ಬಿಗಿ ಹಿಡಿದಿರುತ್ತಾಳೆ. ಎದುರು ಅಂಗಡಿಯ ಶಂಕರಮ್ಮ, "ಲಕ್ಷ್ಮೀನ ಹಿಡ್ಕಂಡು ಬಂದಾಳೆ ಕಣೇ, ಬಿಡ್ಸಾಕೆ ಹೋಗಬ್ಯಾಡ" ಅಂದಳು. ಅವತ್ತಿನಿಂದ ನಿಮ್ಮ ಭಾವ ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಮೊದಲು ಬೀಗದ ಕೈಯನ್ನು ಆ ಮುಷ್ಟಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತಾರೆ. ನನಗೆ ನಗು.

ಬೆಂಗಳೂರಿಗೆ ಕರೆದುಕೊಂಡು ಬರಲು ಗಟ್ಟಿಮುಟ್ಟಾದ ಕೂಸಿಗೆ ಏನಾಗಿದೆ ಹೇಳು. ನೀನು ಚಿತ್ರಾಳನ್ನು ನೋಡಿಕೋ.

ನಿನ್ನ ಅಕ್ಕ


ಜಗಳೂರು
2 ಜೂನ್ 2024

ಅಕ್ಕಾ,

ಚಿತ್ರಾ ನಿಂತಳು! ಕುರಿಮರಿಯ ಕತ್ತು ಹಿಡಿದುಕೊಂಡು ನಿಂತಳು. ಮರಿ ಓಡಿದ ಮೇಲೂ ನಿಂತೇ ಇದ್ದಳು. ಮಗಳು ನಿಂತದ್ದು ನೋಡಿ ಕೆಂಚೇಶ್ ಅಂಗಳದಲ್ಲೇ ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ "ಕುರಿ ಕಲ್ಸಿದ್ದನ್ನ ನಿನ್ ಕೈಲಿ ಕಲ್ಸಾಕೆ ಆಗಲಿಲ್ಲ" ಅಂತ ಒಂದು ಚುಚ್ಚಿದರು. ಇರಲಿ, ಅವತ್ತು ಅದೂ ಸಿಹಿಯಾಗೇ ಕೇಳಿಸಿತು.

ಅಂಬಿಕಾ ಈಗ ಓಡಾಡುತ್ತಿರಬೇಕಲ್ಲ? ಹದಿನೇಳನೇ ತಿಂಗಳು. ಫೋನಿನಲ್ಲಿ ಕೇಳಿದರೆ ನೀನು ಊಟದ ಸುದ್ದಿ ಹೇಳುತ್ತೀ, ನಡಿಗೆಯ ಸುದ್ದಿ ಹೇಳುವುದಿಲ್ಲ. ಚಿತ್ರಾ ಹಿಂದೆ ಬಿದ್ದಿದ್ದಾಳೆ, ಉಷಾಗೆ ಹೊಟ್ಟೆ ಉರಿದೀತು ಅಂತ ಮುಚ್ಚಿಡಬೇಡ ಅಕ್ಕಾ. ಅವಳೂ ನನ್ನ ಮಗಳೇ ಅಲ್ಲವೇ? ಒಂದು ವಿಡಿಯೋ ಕಳಿಸು. ಅವಳು ನಡೆಯುವುದನ್ನು ನೋಡಬೇಕು ಅನ್ನಿಸುತ್ತದೆ.

ಅವಳು ಯಾರನ್ನು ಅವ್ವ ಅನ್ನುತ್ತಾಳೆ ಅಂತ ಕೇಳಬೇಕು ಅಂದುಕೊಂಡಿದ್ದೆ. ಕೇಳುವುದಿಲ್ಲ.

ಉಷಾ


ನ್ಯಾಮತಿ
15 ಸೆಪ್ಟೆಂಬರ್ 2024

ಉಷಾ,

ಮೂರು ತಿಂಗಳಾಯಿತು ಉತ್ತರ ಬರೆಯದೆ. ಶ್ರಾವಣ ಬಂದಮೇಲೆ ಬಳೆ ಅಂಗಡಿಯವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಗೌರಿ ಹಬ್ಬ ಮುಗಿದು ಈಗಷ್ಟೇ ಉಸಿರು ಬಿಟ್ಟೆ.

ನಡೆಯುತ್ತಾಳೆ ಮಾರಾಯ್ತಿ! ಹಬ್ಬದ ಹಿಂದಿನ ದಿನ ಎದ್ದು ನಡೆದಳು. ಬಲಗಾಲನ್ನು ತುದಿಬೆರಳ ಮೇಲೆ ಊರಿಕೊಂಡು ಕುಣಿದ ಹಾಗೆ ನಡೆಯುತ್ತಾಳೆ. ಹಬ್ಬಕ್ಕೆ ಬಳೆ ತೊಡಿಸಿದೆ. ಎಡಗೈಗೆ ಸರಿಯಾದ ಬಳೆ ಬಲಗೈಯಿಂದ ಜಾರಿ ಬೀಳುತ್ತದೆ. ನಾನು ಇಷ್ಟು ವರ್ಷ ನೋಡಿದ ಕೈಗಳಲ್ಲಿ ಇದೇನು ಹೊಸದಲ್ಲ. ದುಡಿಯುವ ಕೈ ಯಾವತ್ತೂ ದಪ್ಪ, ನಮಗೆಲ್ಲ ಬಲಗೈ ದಪ್ಪ, ಎಡಚರಿಗೆ ಎಡಗೈ ದಪ್ಪ. ಒಂದು ಸೈಜು ಚಿಕ್ಕದು ಹಾಕಿದೆ, ಮುಗಿಯಿತು.

ಎಡಗೈಯಲ್ಲಿ ಉಣ್ಣುವುದೊಂದೇ ತಲೆನೋವು. ಶಂಕರಮ್ಮ ಬಿಡುವುದಿಲ್ಲ. "ಹೆಣ್ಣುಮಗಳು ಎಡಗೈಲಿ ಉಂಡ್ರೆ ನಾಳೆ ಯಾರ ಪಂಕ್ತಿಗೆ ಕೂರ್ಸ್ತೀಯೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೆ?" ಅಂತಾಳೆ. ಅದಕ್ಕೇ ತಿದ್ದುತ್ತಿದ್ದೇನೆ. ಹಟಮಾರಿ, ಆದರೆ ನಾನು ಅವಳಿಗಿಂತ ಹಟಮಾರಿ.

ವಿಡಿಯೋ ಬೇಡ, ದೃಷ್ಟಿಯಾಗುತ್ತದೆ. ಫೋಟೋ ಕಳಿಸಿದ್ದೇನೆ, ನೋಡು.

ನಿನ್ನ ಅಕ್ಕ


ಜಗಳೂರು
24 ನವೆಂಬರ್ 2024

ಅಕ್ಕಾ,

ನೇರವಾಗಿ ಕೇಳುತ್ತೇನೆ. ಅವಳ ಬಲಗೈ ಸುಟ್ಟಿದೆಯಾ?

ನೀನು ಈ ವರ್ಷ ಕಳಿಸಿದ ಫೋಟೋಗಳನ್ನೆಲ್ಲ ನಿನ್ನೆ ಒಂದೊಂದಾಗಿ ತೆಗೆದು ನೋಡಿದೆ. ಒಂದರಲ್ಲಿ ಬಲಗೈ ನಿನ್ನ ಸೆರಗಿನೊಳಗಿದೆ. ಇನ್ನೊಂದರಲ್ಲಿ ಗೊಂಬೆಯ ಹಿಂದೆ. ಹಬ್ಬದ ಫೋಟೋದಲ್ಲಿ ನೀನೇ ಆ ಕೈಯನ್ನು ನಿನ್ನ ಕೈಯಲ್ಲಿ ಮುಚ್ಚಿಕೊಂಡಿದ್ದೀ. ಒಲೆಯ ಹತ್ತಿರ ಹೋಗಿದ್ದಳೇ? ಕಾದ ಎಣ್ಣೆ ಬಿತ್ತೇ? ಮಕ್ಕಳಿರುವ ಮನೆಯಲ್ಲಿ ಏನೋ ಆಗುತ್ತದೆ, ನಾನು ಬೈಯುವುದಿಲ್ಲ. ಆದರೆ ಹೇಳು.

ಚಿತ್ರಾಳನ್ನು ಮತ್ತೆ ತೋರಿಸಿದೆವು. ಮಾತು ತಡವಾಗಿದೆ, ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಮುಂದೆ ಬರುತ್ತಿದ್ದಾಳೆ ಅಂದರು. ಡಾಕ್ಟರ್ ಈ ಸಲ ಅಂಬಿಕಾಳ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡಿದರು. "ಹೊಟ್ಟೆಯಲ್ಲಿದ್ದಾಗ ಇಬ್ಬರಿಗೂ ತೊಂದರೆ ಆಗಿತ್ತಮ್ಮ. ದಪ್ಪಗಿದ್ದಾಳೆ ಅಂತ ಒಬ್ಬಳನ್ನು ಬಿಟ್ಟುಬಿಡೋ ಹಾಗಿಲ್ಲ" ಅಂದರು. ಜನವರಿಗೆ ಎರಡು ವರ್ಷ ತುಂಬುತ್ತದೆ. ಆಗ ಇಬ್ಬರನ್ನೂ ಕರೆದುಕೊಂಡು ಹೋಗಲೇಬೇಕು.

ಉಷಾ


ನ್ಯಾಮತಿ
3 ಡಿಸೆಂಬರ್ 2024

ಉಷಾರಾಣಿಗೆ,

ಸುಟ್ಟಿಲ್ಲ. ನಿನ್ನ ಮಗಳ ಕೈ ಸುಡುವಷ್ಟು ಕುರುಡಿ ನಾನಲ್ಲ. ಅವಳಿಗೆ ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಬೆಳಗು ಮಾಡಿದವಳು ನಾನು. ನೀನು ಫೋಟೋದಲ್ಲಿ ಕೈ ಹುಡುಕುತ್ತೀ.

ಕರೆದುಕೊಂಡು ಬಾ, ಕರೆದುಕೊಂಡು ಬಾ ಅಂತೀಯಲ್ಲ, ಬಂದಮೇಲೆ ಕೂಸನ್ನು ಬಿಟ್ಟು ಹೋಗು ಅನ್ನುವುದಿಲ್ಲ ಅಂತ ಒಂದು ಸಾಲು ಬರೆದಿದ್ದೀಯಾ? ಮಡಿಲಿಗೆ ಹಾಕುವಾಗ ವಾಯಿದೆ ಹೇಳಿರಲಿಲ್ಲ ನೀನು.

ಜನವರಿಯಲ್ಲಿ ನಿಮ್ಮ ಭಾವನ ಕಣ್ಣಿನ ಆಪರೇಷನ್ ಇದೆ. ಬರಲಾಗುವುದಿಲ್ಲ.

ದುರುಗಕ್ಕ


ಜಗಳೂರು
6 ಮೇ 2025

ಅಕ್ಕಾ,

ಹೊನ್ನಾಳಿಯ ಮದುವೆ ಕಳೆದು ಹತ್ತು ದಿನವಾಯಿತು. ನೀನು ಮಾಡಿದ ಫೋನನ್ನು ನಾನು ಎತ್ತಲಿಲ್ಲ. ಎತ್ತಿದ್ದರೆ ಬಾಯಿಗೆ ಬಂದದ್ದೆಲ್ಲ ಅಂದುಬಿಡುತ್ತಿದ್ದೆ.

ಚಿತ್ರಾಗೆ ಜ್ವರ, ನಾವು ಬರುವುದಿಲ್ಲ ಅಂತ ನೀನು ಅಂದುಕೊಂಡಿದ್ದೆ. ಜ್ವರ ಬಿಟ್ಟಿತು, ಮದುಮಗ ನಾಗರಾಜ ನಮ್ಮ ಸೋದರಮಾವನ ಒಬ್ಬನೇ ಮಗ, ಹೋಗದಿದ್ದರೆ ಆಗದು ಅಂತ ಹೊರಟು ಬಂದೆವು. ನಾನು ಬರುವ ಹೊತ್ತಿಗೆ ನೀವು ಪಂಕ್ತಿಯಲ್ಲಿ ಕೂತಿದ್ದಿರಿ. ಬಾಗಿಲಲ್ಲೇ ನಿಂತು ನೋಡಿದೆ. ನಿನ್ನ ಪಕ್ಕ ಅವಳು, ಆ ಪಕ್ಕ ಶಂಕರಮ್ಮ. ಅಂಬಿಕಾಳ ಎಡಗೈಯನ್ನು ನೀನು ಜಡೆಗೆ ಕಟ್ಟುವ ಕೆಂಪು ರಿಬ್ಬನ್ನಿನಲ್ಲಿ ಸೊಂಟಕ್ಕೆ ಬಿಗಿದಿದ್ದೆ. ಎಲೆಗೆ ಪಾಯಸ ಬಡಿಸಿದರು. ಅವಳು ಬಲಗೈ ಎತ್ತಲಿಲ್ಲ. ಅತ್ತಿತ್ತ ನೋಡಿ, ಬಗ್ಗಿ, ಎಲೆಗೇ ಬಾಯಿ ಹಾಕಿದಳು. ಎದುರು ಪಂಕ್ತಿಯವರು ನಕ್ಕರು. ನೀನೂ ನಕ್ಕೆ ಅಕ್ಕಾ.

ನಾನು ಬಂದು ಎತ್ತಿಕೊಂಡಾಗ ಅವಳು ನನ್ನ ಗುರುತು ಹಿಡಿಯಲಿಲ್ಲ, ನಿನ್ನ ಕಡೆ ಜಗ್ಗಿ ಅತ್ತಳು. ಅದನ್ನು ಸಹಿಸಿದೆ. ಆ ಬಲಗೈಯನ್ನು ಮುಟ್ಟಿದಾಗ ಅದು ಬಿಗಿದುಕೊಂಡೇ ಇತ್ತಲ್ಲ, ಅದನ್ನು ಸಹಿಸಲಾಗಲಿಲ್ಲ. ಮದುವೆಮನೆಯಿಂದ ಅವಳನ್ನು ಎತ್ತಿಕೊಂಡೇ ನೇರ ದಾವಣಗೆರೆಗೆ, ಅಲ್ಲಿಂದ ಬೆಂಗಳೂರಿಗೆ ಹೋದೆವು. ತಲೆಯ ಸ್ಕ್ಯಾನ್ ಆಯಿತು. ಹೊಟ್ಟೆಯಲ್ಲಿ ರಕ್ತ ಹೆಚ್ಚುಕಡಿಮೆಯಾದ ಆ ದಿನಗಳಲ್ಲೇ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿದೆಯಂತೆ. ಆದ್ದರಿಂದ ಬಲಗೈ, ಬಲಗಾಲು ಎರಡರಲ್ಲೂ ಬಲ ಕಡಿಮೆ. ಇದು ಯಾರ ತಪ್ಪೂ ಅಲ್ಲವಂತೆ. ಆದರೆ ಡಾಕ್ಟರ್ ಇನ್ನೊಂದು ಮಾತು ಹೇಳಿದರು. "ಒಂದೂವರೆ ವರ್ಷದೊಳಗೇ ಮಗು ಒಂದೇ ಕೈ ಬಳಸ್ತಿದ್ರೆ ಅದು ಎಡಚತನ ಅಲ್ಲಮ್ಮ, ಇನ್ನೊಂದು ಕೈ ಸಹಾಯಕ್ಕೆ ಕರೀತಿದೆ ಅಂತ ಅರ್ಥ. ಆಗಲೇ ಬಂದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದರು.

ಆಗಲೇ. ಅಂದರೆ ನೀನು ಲಕ್ಷ್ಮಿ, ಸಿಂಹಿಣಿ ಅಂತ ಬರೆಯುತ್ತಿದ್ದ ದಿನಗಳಲ್ಲೇ.

ಅವಳು ಇನ್ನು ಇಲ್ಲೇ ಇರುತ್ತಾಳೆ. ಅವಳ ಬಟ್ಟೆಗಳನ್ನು ಯಾರ ಕೈಯಲ್ಲಾದರೂ ಕಳಿಸು. ನೀನು ಬರಬೇಡ.

ಉಷಾ


ನ್ಯಾಮತಿ
17 ಮೇ 2025

ಉಷಾ,

ಬಟ್ಟೆ ಕಳಿಸಿದ್ದೇನೆ. ಸಿಕ್ಕಿರಬೇಕು. ಅವಳ ದಿಂಬನ್ನು ಕಳಿಸಲು ಮನಸ್ಸು ಬರಲಿಲ್ಲ.

ನಕ್ಕೆ, ನಿಜ. ಪಂಕ್ತಿಯಲ್ಲಿ ನಾನು ನಗದಿದ್ದರೆ ಅವರು ಇನ್ನೂ ಜೋರಾಗಿ ನಗುತ್ತಿದ್ದರು. ಅವಳ ಜೊತೆ ನನ್ನನ್ನೂ ಸೇರಿಸಿ ನಗಲಿ ಅಂತ ನಕ್ಕೆ. ನಿನಗೆ ಬಾಗಿಲಿನಿಂದ ಅದು ಕಾಣಿಸಲಿಲ್ಲ.

ನಾನು ನೋಡಲೇ ಇಲ್ಲ ಅಂತ ಮಾತ್ರ ಅನ್ನಬೇಡ. ಹಬ್ಬಕ್ಕೆ ಬಳೆ ತೊಡಿಸಿದ ದಿನವೇ ನನಗೆ ಎದೆ ಧಸಕ್ ಅಂದಿತ್ತು. ನಿನಗೆ ದುಡಿಯುವ ಕೈ ದಪ್ಪ ಅಂತ ಬರೆದೆ, ನನಗೂ ಅದನ್ನೇ ಹೇಳಿಕೊಂಡೆ. ಆಮೇಲೆ ಚನ್ನಗಿರಿ ಕಡೆ, ಸೂಳೆಕೆರೆ ದಂಡೆಯ ಊರಿನಲ್ಲಿ ಗಿಡ್ಡಪ್ಪ ಅಂತ ಎಣ್ಣೆ ತಿಕ್ಕುವವನಿದ್ದಾನೆ ಅಂದರು. ಪ್ರತಿ ಭಾನುವಾರ ಬಸ್ಸು ಬದಲಿಸಿಕೊಂಡು ಅಲ್ಲಿಗೆ ಹೋದೆ. ಅವನೇ ಹೇಳಿದ್ದು, "ಆ ಕೈ ಮಲಗೈತೆ ತಾಯಿ. ಈ ಕೈ ಕಟ್ಟಿ ಹಾಕು, ಹಸಿವಾದ್ರೆ ಅದೇ ಎದ್ದೇಳ್ತೈತೆ" ಅಂತ. ಶಂಕರಮ್ಮನ ಪಂಕ್ತಿಯ ಮಾತು ನಾನು ಹೊರಗಿನವರಿಗೆ ಹೇಳುತ್ತಿದ್ದ ನೆಪ. ಅಂಬಿಕಾ ಹಸಿದು ನನ್ನ ಮುಖ ನೋಡುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಅತ್ತು ಬರುತ್ತಿದ್ದೆ. ಬಂದು ನೋಡಿದರೆ ಮುಷ್ಟಿ ಹಾಗೇ ಇರುತ್ತಿತ್ತು.

ದೊಡ್ಡ ಆಸ್ಪತ್ರೆಗೆ ಯಾಕೆ ಬರಲಿಲ್ಲ ಅಂತ ನೀನು ಕೇಳುತ್ತೀ. ಬಂದರೆ ಏನಾದರೂ ಸಿಗುತ್ತದೆ, ಸಿಕ್ಕರೆ ಹೆತ್ತವಳು ಕರೆದುಕೊಳ್ಳುತ್ತಾಳೆ ಅಂತ. ಇಷ್ಟೇ.

ಈಗ ನಾನೂ ಒಂದು ಕೇಳುತ್ತೇನೆ. ಚಿತ್ರಾಳನ್ನು ಬೆಂಗಳೂರಿಗೆ ಎಷ್ಟು ಸಲ ಕರೆದುಕೊಂಡು ಹೋದೆ? ದಾವಣಗೆರೆಗೆ ಬಂದು ನ್ಯಾಮತಿ ಬಸ್ಸು ಹತ್ತಿದ್ದರೆ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಯಲ್ಲಿರುತ್ತಿದ್ದೆ. ಒಂದು ಸಲವಾದರೂ ಬಂದೆಯಾ? "ಅವಸರವೇನೂ ಇಲ್ಲ" ಅಂತ ಬರೆದವಳು ನೀನು. ಡಾಕ್ಟರ್ ಅವತ್ತು ನಿಜವಾಗಿ ಅವಸರವಿಲ್ಲ ಅಂದಿದ್ದರೇ? ನಾನು ನಿನ್ನನ್ನು ಎತ್ತಿ ಆಡಿಸಿದವಳು, ನಿನ್ನ ಹೆದರಿಕೆ ನನಗೆ ಗೊತ್ತಾಗುವುದಿಲ್ಲವೇ? ಅವಳನ್ನು ತೋರಿಸಿ ಏನಾದರೂ ಸಿಕ್ಕಿಬಿಟ್ಟರೆ ಇಂಥ ಎರಡು ಕೂಸನ್ನು ಹೇಗೆ ಸಾಕಲಿ ಅಂತ ನೀನು ಹೆದರಿದ್ದೆ. ನೀನು ಕರೆದುಕೊಂಡುಬಿಡುತ್ತೀ ಅಂತ ನನಗೆ ಹೆದರಿಕೆ, ಕರೆದುಕೊಳ್ಳಬೇಕಾಗುತ್ತದೆ ಅಂತ ನಿನಗೆ ಹೆದರಿಕೆ. ನಾವಿಬ್ಬರೂ ಪತ್ರ ಬರೆಯುತ್ತಾ ಕೂತೆವು.

ಅವಳಿಗೆ ಅನ್ನ ಕಲಸುವಾಗ ಹಾಲು ಜಾಸ್ತಿ ಹಾಕು, ಮೊಸರು ಮುಟ್ಟುವುದಿಲ್ಲ. ಮಲಗುವಾಗ ಕಿವಿಯ ಹಿಂದೆ ನೇವರಿಸಬೇಕು.

ದುರುಗಕ್ಕ


ಜಗಳೂರು
29 ಜೂನ್ 2025

ಅಕ್ಕಾ,

ನಿನ್ನ ಪತ್ರ ಓದಿ ಮೂರು ದಿನ ನನಗೆ ಸಿಟ್ಟಿತ್ತು. ಆಮೇಲೆ ಸಿಟ್ಟು ಉಳಿಯಲಿಲ್ಲ, ಓದಿದ್ದು ಉಳಿಯಿತು. ಅದಕ್ಕೆ ಉತ್ತರ ಬರೆಯಲಾರೆ. ಅಂಬಿಕಾಳ ವಿಷಯ ಬರೆಯುತ್ತೇನೆ.

ವಾರಕ್ಕೊಮ್ಮೆ ದಾವಣಗೆರೆಗೆ ಹೋಗುತ್ತೇವೆ. ಅಲ್ಲಿ ಅನಿತಾ ಅಂತ ವ್ಯಾಯಾಮ ಮಾಡಿಸುವ ಹುಡುಗಿ ಇದ್ದಾಳೆ, ಬಹಳ ತಾಳ್ಮೆಯವಳು. ಕಾಲಿಗೆ ಪಟ್ಟಿ ಹಾಕಿದ ಬೂಟು ಕೊಟ್ಟಿದ್ದಾರೆ, ಹಿಮ್ಮಡಿ ನೆಲಕ್ಕೆ ತಾಗುತ್ತಿದೆ. ಕೈ ಪೂರ್ತಿ ಎಲ್ಲರ ಹಾಗೆ ಆಗುವುದಿಲ್ಲ, ಆದರೆ ಎಡಗೈಗೆ ಜೊತೆಯಾಗುವಷ್ಟು ಕಲಿಸಬಹುದು, ಈಗಲೂ ಹೊತ್ತು ಮೀರಿಲ್ಲ ಅಂದಳು. ಅದಕ್ಕೆ ದಿನಾ ಸ್ವಲ್ಪ ಹೊತ್ತು ಎಡಗೈಗೆ ಮೆತ್ತನೆಯ ಚೀಲ ತೊಡಿಸಿ ಬಲಗೈಯಿಂದ ಆಟ ಆಡಿಸಬೇಕಂತೆ. ಕೇಳಿ ನನಗೆ ಮೈ ಉರಿಯಿತು. ಗಿಡ್ಡಪ್ಪ ಹೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿಯೇ ಬಿಟ್ಟೆ. ಅನಿತಾ, "ಇದು ಆಟ ಅಕ್ಕಾ. ಊಟದ ಹೊತ್ತಲ್ಲಿ ಅಲ್ಲ, ಬೈದು ಅಲ್ಲ, ಅತ್ತರೆ ತಕ್ಷಣ ಬಿಚ್ಚಬೇಕು" ಅಂದಳು.

ಮನೆಗೆ ಬಂದು ಹಳೆಯ ಸ್ವೆಟರಿನ ಬಟ್ಟೆಯಲ್ಲಿ ಚೀಲ ಹೊಲಿದೆ, ಮೇಲೆ ಮೊಲದ ಕಿವಿ ಇಟ್ಟೆ. ಚಿತ್ರಾಗೂ ಒಂದು ಹೊಲಿದೆ, ಇಬ್ಬರೂ ಆಡಲಿ ಅಂತ. ಚಿತ್ರಾ ಕುಣಿದಳು. ಅಂಬಿಕಾ ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದಳು. ಆಡುತ್ತಿದ್ದ ಚೆಂಡನ್ನು ಕೆಳಗೆ ಬಿಟ್ಟಳು. ಗೋಡೆಗೆ ಒರಗಿ ಕೂತು, ಎಡಗೈಯನ್ನು ಕಟ್ಟು ಅನ್ನುವ ಹಾಗೆ ನನ್ನ ಕಡೆ ಚಾಚಿ, ಆಮೇಲೆ ತಾನೇ ಸೊಂಟಕ್ಕೆ ಒತ್ತಿಕೊಂಡಳು. ಅಳಲಿಲ್ಲ. ಬಾಯಿ ಬಿಗಿ ಮುಚ್ಚಿಕೊಂಡಳು. ಆಮೇಲೆ ಸಂಜೆಯವರೆಗೆ ಒಂದು ತುತ್ತು ಮುಟ್ಟಲಿಲ್ಲ. ನಾನು ಬಟ್ಟೆ ಬಚ್ಚಿಟ್ಟೆ. ಈಗ ನಾನು ಯಾವ ಬಟ್ಟೆ ಹಿಡಿದು ಹತ್ತಿರ ಹೋದರೂ ಹಾಗೇ ಮಾಡುತ್ತಾಳೆ. ಮುಖ ಒರೆಸಲು ಟವೆಲ್ ತಂದರೂ.

ಅನಿತಾಗೆ ಹೇಳಿದೆ. ಚೀಲ ಸದ್ಯಕ್ಕೆ ಬೇಡ, ಮೊದಲು ಆ ಹೆದರಿಕೆ ಹೋಗಬೇಕು, ಎರಡೂ ಕೈ ಬೇಕಾಗುವ ಆಟ ಆಡಿಸಿ ಅಂದಳು. "ಮಗು ಯಾರ ಹತ್ತಿರ ನಕ್ಕೋತಾ ಆಡ್ತಾಳೋ ಅವರೇ ಆಡಿಸಲಿ" ಅಂದಳು. ನನ್ನ ಹತ್ತಿರ ಅವಳು ನಗುವುದಿಲ್ಲ ಅಕ್ಕಾ. ಬಾಗಿಲ ಸದ್ದಾದರೆ ತಲೆ ಎತ್ತಿ "ಅವ್ವ" ಅಂತಾಳೆ. ನಾನು ಇಲ್ಲೇ ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನನ್ನು ನಾನು ಕ್ಷಮಿಸಿಲ್ಲ. ನೀನೂ ನನ್ನನ್ನು ಕ್ಷಮಿಸಿಲ್ಲ ಅಂತ ಗೊತ್ತು. ಅತ್ತೆಯ ಹತ್ತಿರ, ಕೆಂಚೇಶ್ ಹತ್ತಿರ ಮಾತಾಡಿದ್ದೇನೆ. ಒಳಗಿನ ಕೋಣೆ ತೆರವು ಮಾಡಿದ್ದೇವೆ. ಭಾವನಿಗೆ ಅಂಗಡಿ ಒಪ್ಪಿಸಿ, ನೀನು ಬಂದು ಇರು. ಅವಳನ್ನು ಕರೆದುಕೊಂಡು ಹೋಗಲು ಅಲ್ಲ, ಆಡಿಸಲು ಬಾ.

ಉಷಾ


ನ್ಯಾಮತಿ
4 ಜುಲೈ 2025

ಉಷಾ ತಂಗ್ಯಮ್ಮ,

ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ದಾವಣಗೆರೆಯಲ್ಲಿ ಇಳಿದು ಜಗಳೂರು ಬಸ್ಸು ಹಿಡಿದರೆ ಊಟದ ಹೊತ್ತಿಗೆ ಅಲ್ಲಿರುತ್ತೇನೆ. ಅಂಗಡಿಯನ್ನು ನಿಮ್ಮ ಭಾವ ನೋಡಿಕೊಳ್ಳುತ್ತಾರೆ. ಗಂಡಸಿನ ಕೈಯಲ್ಲಿ ಯಾರು ಬಳೆ ತೊಡಿಸಿಕೊಳ್ಳುತ್ತಾರೋ ಕಾಣೆ, ಅದು ಅವರ ಹಣೆಬರಹ.

ಬ್ಯಾಗು ತುಂಬಿಟ್ಟಿದ್ದೇನೆ. ಏನು ಹೇಳಬೇಕು, ಏನು ಹೇಳಬಾರದು ಅಂತ ಎಲ್ಲ ಯೋಚಿಸಿಕೊಂಡಿದ್ದೇನೆ. ನಿಮ್ಮತ್ತೆ ಏನಂದರೂ ತಲೆ ತಗ್ಗಿಸುತ್ತೇನೆ, ನೀನು ಮಾತಾಡದಿದ್ದರೂ ಸಹಿಸುತ್ತೇನೆ. ಅನಿತಾ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತೇನೆ.

ಒಂದಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ. ನೀನು ಬಟ್ಟೆ ಹಿಡಿದರೆ ಕೈ ಚಾಚುತ್ತಾಳೆ ಅಂತ ಬರೆದಿದ್ದೀ. ಕಟ್ಟಿದವಳು ನೀನಲ್ಲ, ನಾನು. ಸೋಮವಾರ ನಾನು ಬರಿಗೈಯಲ್ಲಿ ಬಾಗಿಲಲ್ಲಿ ನಿಂತಾಗ, ನನ್ನ ಮುಖ ನೋಡಿಯೇ ಅವಳು ಎಡಗೈ ಚಾಚಿದರೆ ನಾನು ಏನು ಮಾಡಲಿ ಉಷಾ?

ನಿನ್ನ ಅಕ್ಕ